ಮಣ್ಣಿನಲ್ಲಿ ಮುಚ್ಚಿದ ಕಮಾನು

ಮತ್ತಿಗಿರಿಯ ಹಳೆಯ ಸಾಲುಮನೆಗಳಲ್ಲಿ ಅಕ್ಕಪಕ್ಕದ ಎರಡನ್ನು ನಾನು ಬರೀ ಸೈಟಿನ ಬೆಲೆಗೆ ಕೊಂಡೆ. ಇನ್ನೂರು ವರ್ಷದ ಕಟ್ಟಡಕ್ಕೆ ಒಂದು ಕಾಸೂ ಕೊಡಲಿಲ್ಲ. ಮಾರಿದವರಿಗೂ ನನಗೂ ಅದು ಕೆಡವುವ ಖರ್ಚಾಗಿಯೇ ಕಂಡಿತ್ತು. ಅದರ ಬೆಲೆ ತಿಳಿಸಿದವರು ಒಬ್ಬ ಹಿರಿಯ ಗಾರೆ ಮೇಸ್ತ್ರಿ.

ಸುಣ್ಣದಲ್ಲಿ ಸವೆದು ಸವೆದು ಅವರ ಬೆರಳ ತುದಿಗಳು ಹೊಳೆಯುವಷ್ಟು ನುಣುಪಾಗಿದ್ದವು; ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಗುರುತಿಸುತ್ತಲೇ ಇರಲಿಲ್ಲ. ಅಂಚೆಟ್ಟಿ ಎಂಬ ಊರಿನ ಕಡೆಯವರು. ಯಾವ ಕೆಲಸಕ್ಕೂ ಮುಂಚೆ ಕರಣೆಯ ಹಿಡಿಯಿಂದ ಗೋಡೆ ತಟ್ಟಿ ಕಿವಿ ಹಚ್ಚುವರು. ಸಿಮೆಂಟ್ ಮೂಟೆ ಕಂಡರೆ ಮುಖ ತಿರುಗಿಸುವರು.

ಎರಡೂ ಮನೆ ಸೇರಿಸಿ ಕಾರ್ಖಾನೆಯವರಿಗೆ ಊಟದ ಮೆಸ್ ತೆರೆಯಬೇಕೆಂದಿದ್ದೆ. ನಡುಗೋಡೆ ಅಡ್ಡ. ಎರಡೂ ಕಡೆಯ ತೇಗದ ತೊಲೆಗಳು ಕೂತಿದ್ದು ಅದರ ಮೇಲೇ. ತೊಲೆಗಳ ಮೇಲೆ ಇಟ್ಟಿಗೆ ನಿಲ್ಲಿಸಿ ಸುಣ್ಣದಲ್ಲಿ ಬಿಗಿದ ಮದ್ರಾಸು ತಾರಸಿ. ಗೋಡೆ ತೆಗೆದರೆ ಸೂರು ಬೀಳುತ್ತದೆ, ಎಲ್ಲ ಕೆಡವಿ ಎಂದರು ಎಂಜಿನಿಯರ್. ಹೊಸದು ಕಟ್ಟುವ ಶಕ್ತಿ ನನಗಿರಲಿಲ್ಲ. ಮೆಸ್ಸಿನ ಆಸೆ ಅಲ್ಲಿಗೇ ಮುಗಿಯುವಂತಿತ್ತು.

ಕೊನೆಗೊಂದು ಮಾತು ಕೇಳೋಣವೆಂದು ಮೇಸ್ತ್ರಿಯನ್ನು ಕರೆಸಿದೆ. ನಡುಗೋಡೆ ತಟ್ಟುತ್ತ ಹೋದವರು ಒಂದು ಕಡೆ ನಿಂತರು. ಗಾರೆ ಕೆರೆದು ಇಟ್ಟಿಗೆ ಸಂದಿಗೆ ಉಗುರು ಹಾಕಿದರು. ಮಣ್ಣು ಉದುರಿತು.

"ಯಾಪಾರ ಮಾಡಾಕ್ ಬತ್ತದೆ, ಗೋಡೆ ನೋಡಾಕ್ ಬರಾಕಿಲ್ವಲ್ಲ ಕಣ್ಲಾ ನಿಂಗೆ! ಇದು ಒಂದೇ ಮನೆ. ಇಲ್ಲೊಂದು ಕಮಾನೈತೆ, ಮೇಲಿನ್ ಭಾರ ಪೂರಾ ಅದೇ ಹೊತ್ಕಂಡೈತೆ. ಅಣ್ತಮ್ಮಂದ್ರು ಪಾಲಾದಾಗ ಮುಚ್ಚವ್ರೆ."

"ಅದೆಂಗಣ್ಣಾ ಗೊತ್ತು?"

"ಗೋಡೆ ಪೂರಾ ಸುಣ್ಣ, ಇಷ್ಟು ಮಾತ್ರ ಮಣ್ಣು. ಪಾಲಿನ್ ಗೋಡೆ ಮಣ್ಣಲ್ಲೇ ಕಟ್ಟಾದು. ಕ್ವಾಪ ಇಳಿದ್ಮೇಲೆ ತೆಗ್ಯಾಕ್ ಸಲೀಸಾಗ್ಲಿ ಅಂತ."

"ಇಷ್ಟು ವರ್ಷ ಆದ್ರೂ ಇಳೀಲಿಲ್ವಾ?"

"ನಿನ್ ಮೆಸ್ಸಿನ್ ಸಾರಿಗೆ ಕಾಯ್ತಿದ್ರೇನೋ!"

ಆಸರೆ ಕೊಟ್ಟು, ಎರಡು ದಿನ ಒಂದೊಂದೇ ಇಟ್ಟಿಗೆ ಬಿಚ್ಚಿದರು. ಕಮಾನು ಮೈದೋರಿತು. ಕೊನೆಯ ಆಸರೆ ತೆಗೆಯುವಾಗ ನಾನು ಬೀದಿಗೆ ಓಡಿದೆ. ಅವರು ಕಮಾನಿನ ಕೆಳಗೇ ಕೂತು ಎಲೆಗೆ ಸುಣ್ಣ ಹಚ್ಚಿಕೊಂಡರು.

"ಬಾರಪ್ಪ ಒಳೀಕೆ, ನಿಂದೇ ಮನೆ!"

ಒಂದು ಚಿಟಿಕೆ ಧೂಳೂ ಬಿದ್ದಿರಲಿಲ್ಲ. ನಾನು ಅವರ ಕಾಲಿಗೆ ಬಿದ್ದೆ.

ಮೆಸ್ಸಿನ ಮೊದಲ ಎಲೆ ಬಡಿಸಿದ್ದು ಅವರಿಗೇ. ಅವರು ತೀರಿಕೊಂಡು ಎರಡು ವರ್ಷವಾಯಿತು. ಮೆಸ್ಸಿನಲ್ಲಿ ಈಗ ಮಧ್ಯಾಹ್ನ ಕಾಲಿಡಲು ಜಾಗವಿರುವುದಿಲ್ಲ. ಕೆಡವಲು ಹೇಳಿದ ಎಂಜಿನಿಯರೂ ಕಮಾನಿನ ಕೆಳಗಿನ ಮೇಜೇ ಬೇಕೆಂದು ಕಾಯುತ್ತಾರೆ.

ನೀವೂ ಹಳೆಯ ಸಾಲುಮನೆ ಕೊಂಡರೆ, ಸುತ್ತಿಗೆಯವರಿಗಿಂತ ಮುಂಚೆ ಸುಣ್ಣದ ಕೆಲಸ ಬಲ್ಲ ಹಿರಿಯರೊಬ್ಬರನ್ನು ಕರೆಸಿ. ಹಿಂದಿನವರು ಯಾವಾಗ ಪಾಲಾದರು ಎಂದು ಬೀದಿಯಲ್ಲಿ ವಿಚಾರಿಸಿ. ಆಮೇಲೆ ಗೋಡೆಯ ಸಂದಿಗಳನ್ನು ಕೆರೆಸಿ ನೋಡಿ. ಸುಣ್ಣ ಸಿಕ್ಕಲ್ಲಿ ಕೈ ಹಚ್ಚಬೇಡಿ. ಸುಣ್ಣದ ನಡುವೆ ಮಣ್ಣು ಸಿಕ್ಕರೆ ಆ ಹಿರಿಯರನ್ನೇ ಮುಂದೆ ಬಿಟ್ಟುಕೊಂಡು, ಆಸರೆ ಕೊಟ್ಟು, ಒಂದೊಂದೇ ಇಟ್ಟಿಗೆ ಬಿಚ್ಚಿಸಿ.