ಬೀಜಕ್ಕೆ ಬಿಟ್ಟ ಗುಳ್ಳ

ಟಣ್, ಟಣ್... ಇವತ್ತು ಕಸದ ಗಾಡಿಯವನು ಡ್ರಮ್ಮಿಗೆ ಕೋಲು ಬಡಿದಾಗ ಕೈಯಲ್ಲಿದ್ದ ಟೀ ಕಪ್ ಹಾಗೇ ನಿಂತಿತು. ಹದಿನೈದು ವರ್ಷಕ್ಕೂ ಹಿಂದೆ, ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯ ಬಿಲ್ಡಿಂಗಿನಲ್ಲಿ, ಕೆಳಗಿನ ಮನೆಯ ಮಾಮ ಸೌಟಿನಿಂದ ಬಕೆಟ್ ಬಡಿಯುತ್ತಿದ್ದದ್ದೂ ಹೀಗೆಯೇ. ಆ ಸದ್ದಿಗೆ ನಾವು ಹೆಂಗಸರು ಅಕ್ಕಿ ತೊಳೆದ ನೀರು ಹಿಡಿದು ಇಳಿಯಬೇಕು. ಕಾನ್ವೆಂಟಿನ ಅಸೆಂಬ್ಲಿ ಬೆಲ್‌ಗೂ ನಾನು ಅಷ್ಟು ಓಡಿದವಳಲ್ಲ.

ಮಾಮ ಉಡುಪಿ ಕಡೆಯವರು. ಹೋಟೆಲಿನ ಅಡುಗೆಮನೆಯಿಂದ ರಿಟೈರ್ ಆದವರು. ಬಿಲ್ಡಿಂಗಿನ ಹಿಂದಿನ ಖಾಲಿ ಜಾಗದಲ್ಲಿ ಬಸಳೆ, ಹರಿವೆ, ಗುಳ್ಳ ಬದನೆ ಬೆಳೆದಿದ್ದರು. ಗಿಡಗಳಿಗೆ ನಲ್ಲಿ ನೀರು ಮುಟ್ಟಿಸುತ್ತಿರಲಿಲ್ಲ, ನಾವು ತಂದ ಅಕ್ಕಿ ನೀರೇ. ನಮ್ಮೆಲ್ಲರ ತರಕಾರಿ ಸಿಪ್ಪೆಯೇ ಗೊಬ್ಬರ. ಹರಿವೆ ಕಿತ್ತ ಪಾತಿಗೆ ಅಲಸಂಡೆ, ಅದು ಮುಗಿದರೆ ಬದನೆ. ಮಣ್ಣಿಗೂ ಚೇಂಜ್ ಬೇಕಂತೆ. ಸೊಪ್ಪು ಹಂಚುವಾಗ ಯಾರಿಗೂ ಕಡಿಮೆ ಮಾಡಿದವರಲ್ಲ. ಆದರೆ ಸಿಪ್ಪೆಯಲ್ಲಿ ಪ್ಲಾಸ್ಟಿಕ್ ಕಂಡರೆ ಎಲ್ಲರೆದುರೇ ಬೈಯುತ್ತಿದ್ದರು. ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿಯ ಹೆಂಡತಿ ಒಮ್ಮೆ ಹಾಗೆ ಬೈಸಿಕೊಂಡಿದ್ದಳು.

ಗುಳ್ಳದ ಬೀಜ ಮಾಮನ ತಾಯಿಯ ಹಿತ್ತಲಿನದು. ಆ ಹಿತ್ತಲು ಈಗಿಲ್ಲ... ವರ್ಷವೂ ಒಂದು ಒಳ್ಳೆಯ ಕಾಯಿಯನ್ನು ಬೀಜಕ್ಕೆಂದು ಗಿಡದಲ್ಲೇ ಬಿಟ್ಟು, ತೊಟ್ಟಿಗೆ ಕೆಂಪು ಚಿಂದಿ ಕಟ್ಟುತ್ತಿದ್ದರು. ಇದು ಇಡೀ ಬಿಲ್ಡಿಂಗಿಗೆ ಗೊತ್ತು. ಆ ಮಳೆಗಾಲ ಡಬ್ಬಿಯಲ್ಲಿದ್ದ ಹಳೆಯ ಬೀಜಕ್ಕೆ ಬೂಷ್ಟು ಹಿಡಿಯಿತು. ಗಿಡಗಳಿಗೂ ವಯಸ್ಸಾಗಿ ಹೊಸ ಹೂವು ನಿಂತಿತ್ತು. ಬೀಜಕ್ಕೆ ಉಳಿದದ್ದು ಗಿಡದಲ್ಲಿ ಹಳದಿಯಾಗುತ್ತಿದ್ದ ಆ ಒಂದೇ ಹಣ್ಣು.

ಸೊಸೈಟಿಯ ಪೂಜೆಯ ಊಟಕ್ಕೆ ಗುಳ್ಳದ ಹುಳಿ. ಬದನೆ ಕಿತ್ತು ತಂದವಳು ಸೆಕ್ರೆಟರಿಯ ಹೆಂಡತಿ. ಎರಡನೇ ತುತ್ತಿಗೆ ಮಾಮನ ದವಡೆ ನಿಂತಿತು. ಬಾಯಿಂದ ಗಟ್ಟಿ ಬೀಜಗಳನ್ನು ತೆಗೆದು ಅಂಗೈಯಲ್ಲಿಟ್ಟು ನೋಡಿದರು.

“ಚಿಂದಿ ಕಟ್ಟಿದ್ದೆನಲ್ಲ.”

“ಹೌದು ಮಾಮ, ನೋಡಿದೆ,” ಅಂದಳು ಆಕೆ, ಬಡಿಸುತ್ತಲೇ. “ಹಣ್ಣಾಗಿ ಹಾಳಾಗ್ತಾ ಇತ್ತು. ಒಂದು ಚೂರೂ ವೇಸ್ಟ್ ಮಾಡ್ಬಾರ್ದು ಅಂತ ನೀವೇ ಹೇಳುದಲ್ವಾ?”

ಪಂಕ್ತಿಯೆಲ್ಲ ನಕ್ಕಿತು. ಸ್ಟೇಷನ್ ಹತ್ತಿರ ಬೀಜದ ಪ್ಯಾಕೆಟ್ ಸಿಗುತ್ತದೆಂದು ಯಾರೋ ಸಮಾಧಾನ ಬೇರೆ ಹೇಳಿದರು. ಮಾಮ ಎಲೆಯಲ್ಲಿ ಏನೂ ಬಿಡದೆ ಉಂಡು ಎದ್ದರು.

ಆ ವಾರವೇ ಮಗಳು ಅವರನ್ನು ಕಳವಾದಲ್ಲಿದ್ದ ತನ್ನ ಮನೆಗೆ ಕರೆದುಕೊಂಡು ಹೋದಳಂತೆ. ತೋಟವಿದ್ದಲ್ಲಿ ಈಗ ಪಾರ್ಕಿಂಗ್. ನಾನು ಮಾಮನನ್ನು ಕೊನೆಯ ಬಾರಿ ಕಂಡದ್ದು ಊಟದ ಮರುದಿನ ಬೆಳಿಗ್ಗೆ. ಎಂದಿನಂತೆ ಟಣ್, ಟಣ್ ಕೇಳಿಸಿತು. ಸದ್ಯ, ಸ್ಪೋರ್ಟಿಂಗ್ ಆಗಿ ತಗೊಂಡರಲ್ಲ ಅಂದುಕೊಂಡು ಎಲ್ಲರೂ ಪಾತ್ರೆ ಹಿಡಿದು ಇಳಿದೆವು. ಮಾಮನ ಹಿಂದೆ, ಬುಡಸಮೇತ ಕಿತ್ತ ಗಿಡಗಳ ರಾಶಿ ಬಾಡುತ್ತಿತ್ತು. ಮಾಮ ಒಬ್ಬೊಬ್ಬರಿಂದಲೂ ನೀರು ತೆಗೆದುಕೊಂಡು, ನಮ್ಮ ಕಣ್ಣೆದುರೇ ಗಟಾರಕ್ಕೆ ಸುರಿದು, ಖಾಲಿ ಪಾತ್ರೆ ಕೈಗಿಟ್ಟರು. ನನ್ನದೇ ಕೊನೆಯದು. ತಳದಲ್ಲುಳಿದ ಹನಿಯನ್ನೂ ಕೊಡವಿ ಕೊಟ್ಟರು.