ಸಹಿಗೆ ಮೊದಲು ಜಾತಕ

ಗೆಳೆಯರೇ, ಗಂಡ ಹೆಂಡಿರು ಯಾಕೆ ಜಗಳವಾಡುತ್ತಾರೆ ಎಂಬುದರ ಮೇಲೆ ಪಿಎಚ್.ಡಿ. ಮಾಡಲು ಹೊರಟಿರುವ ನನ್ನ ಅಕ್ಕನ ಮಗಳು ಸುಮಿತ್ರಾಳ ಜೊತೆ ಇಂದು ಮುಂಬಯಿಯ ಫೋರ್ಟಿನಲ್ಲಿರುವ ಯೂನಿವರ್ಸಿಟಿಗೆ ಹೋಗಿದ್ದೆ. ನಾವು ಕಾಣಬೇಕಿದ್ದ ಕ್ಲಿನಿಕಲ್ ಸೈಕಾಲಜಿಯ ಪ್ರೊಫೆಸರು ಉಡುಪಿ ಕಡೆಯವರು. ಇಬ್ಬರು ಗೈಡುಗಳು ಆಗಲೇ ಆಗುವುದಿಲ್ಲ ಎಂದಿದ್ದರು. ಅರ್ಜಿಗೆ ಇವರ ಸಹಿಯೂ ಬೀಳದಿದ್ದರೆ ಅವಳಿಗೆ ಈ ವರ್ಷ ಮುಗಿದಂತೆಯೇ.

ಅವರು ಅವಳ ಅಂಕಪಟ್ಟಿಯನ್ನು ನೋಡಲಿಲ್ಲ. ಪ್ರಶ್ನೆಗಳನ್ನೆಲ್ಲ ನನ್ನನ್ನೇ ಕೇಳಿದರು.

"ಮದುವೆಯಾಗದ ಹುಡುಗಿಗೆ ಈ ವಿಷಯ ಎಂತಕ್ಕೆ ಮಾರಾಯ್ರೆ? ಇವಳ ಹತ್ರ ಯಾರು ಬಾಯಿ ಬಿಡ್ತಾರೆ?"

"ಸರ್, ನಿಮ್ಮ ಥೀಸಿಸ್ ಹುಚ್ಚರ ಬಗ್ಗೆ ಅಲ್ವಾ? ಅದಕ್ಕೆ ನೀವೇನು ತಯಾರಿ ಮಾಡ್ಕೊಂಡಿದ್ರಿ?" ಎಂದಳು ಸುಮಿತ್ರಾ.

ನಾನು ಕೆಮ್ಮಿದೆ. ಇಪ್ಪತ್ತು ವರ್ಷಗಳಿಂದ ಹೆಂಡತಿಯ ಎದುರೂ ನಾನು ಹೀಗೆಯೇ ಕೆಮ್ಮುತ್ತಾ ಬಂದಿದ್ದೇನೆ.

ಪ್ರೊಫೆಸರು ಥೀಸಿಸ್‌ಗಳ ಕಪಾಟಿನಿಂದ ಹಳದಿ ಲಕೋಟೆಯೊಂದನ್ನು ತೆಗೆದು ನನ್ನ ಮುಂದಿಟ್ಟರು. ಅದರಲ್ಲಿ ಅವರ ತಂಗಿಯ ಮಗನ ಜಾತಕವಿತ್ತು.

"ಪಾರ್ಲೆಯಲ್ಲಿ ಸ್ವಂತ ಫ್ಲ್ಯಾಟ್ ಉಂಟು, ಟೆಲಿಫೋನ್ ಸಹ ಉಂಟು. ಮದುವೆ ಆಗ್ಲಿ, ಮತ್ತೆ ಸಹಿ ಹಾಕುವ."

"ಹುಡುಗನಿಗೆ ಇದು ಗೊತ್ತಾ ಸರ್?" ಎಂದಳು ಸುಮಿತ್ರಾ.

"ಅವನಿಗೆ ಎಂತಕ್ಕಮ್ಮ ಗೊತ್ತಾಗ್ಬೇಕು?"

ಸುಮಿತ್ರಾ ನೋಟ್‌ಬುಕ್ ತೆರೆದು, ಆ ಮಾತನ್ನು ಹಾಗೆಯೇ ಬರೆದುಕೊಂಡು, ದಿನಾಂಕ ಹಾಕಿ ಎದ್ದಳು. ಸಹಿಯಿಲ್ಲದ ಅರ್ಜಿ ನಮ್ಮೊಡನೆ ಲೋಕಲ್ ರೈಲಿನಲ್ಲಿ ಮನೆಗೆ ಬಂತು. ದಾಂಪತ್ಯದ ಬಗ್ಗೆ ಅವಳು ಬರೆದುಕೊಂಡ ಆ ಮಾತಿಗಿಂತ ಖಚಿತವಾದ ವಾಕ್ಯ ಆ ಕಪಾಟಿನ ಯಾವ ಥೀಸಿಸ್‌ನಲ್ಲೂ ಇರಲಾರದು.