ಕೋಚ್ ಹೇಳದ ಮಾತು

ಸಲೀಮ್ ತನ್ನ ತಂದೆಯ ಕೊನೆಯ ದಿನ ಅವರ ಬಳಿಗೆ ಹೋಗದಂತೆ ತಡೆದವನು ನಾನು. ಕೋಚ್ ಅವನಿಗೆ ಹೋಗು ಎಂದೇ ಹೇಳಿದ್ದರು. ಇಬ್ಬರ ನಡುವೆ ನಿಂತು ಆ ಮಾತನ್ನು ತಿರುಚಿದೆ, ತಿರುಚಿದ್ದನ್ನು ವರ್ಷಗಟ್ಟಲೆ ಬಚ್ಚಿಟ್ಟೆ. ಮೊದಲು ಇಷ್ಟನ್ನು ಬರೆದುಬಿಡುತ್ತೇನೆ. ಮುಂದೆ ಬರೆಯುತ್ತ ಹೋದರೆ ನನ್ನ ಪರವಾಗಿ ಏನಾದರೂ ನುಸುಳಿಬಿಟ್ಟೀತು ಎಂಬ ಭಯ ನನಗಿದೆ.

ನಾನು ಮಂಗಳೂರು ಕಡೆಯ ಬ್ಯಾರಿ, ಹೆಸರು ಹನೀಫ್. ಏಳನೆಯ ಕ್ಲಾಸಿನವರೆಗೆ ಕನ್ನಡ ಶಾಲೆ, ಆಮೇಲೆ ಮಸ್ಕತ್ತಿನ ಹಮ್ರಿಯಾದಲ್ಲಿ ಬಾಪನ ಬಟ್ಟೆ ಅಂಗಡಿ. ಗಿರಾಕಿಗಳ ಜೊತೆ ಮಾತಾಡಿ ಮಾತಾಡಿಯೇ ಅರಬಿ, ಇಂಗ್ಲಿಷ್ ಎರಡೂ ಕಲಿತೆ. ಅಂಗಡಿ ಮುಚ್ಚಿದ ಮೇಲೆ ಬರ್ಕಾದಿಂದ ಮುಂದೆ ಸಮುದ್ರದ ಬದಿಯ ಒಂದು ಸಣ್ಣ ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ಕೆಲಸ ಸಿಕ್ಕಿತು. ಆಟಗಾರರ ವೀಸಾ, ಬಸ್ಸು, ಊಟ, ನೀರಿನ ಬಾಟಲಿ ಎಲ್ಲ ನನ್ನ ತಲೆಗೇ. ನಾನು ಸೇರಿ ಸ್ವಲ್ಪ ಕಾಲಕ್ಕೆ ಕ್ಲಬ್ ಮೊದಲ ಬಾರಿ ದೇಶದ ಮೇಲ್ದರ್ಜೆಯ ಲೀಗಿಗೆ ಏರಿತು. ಆ ಸಂಭ್ರಮದಲ್ಲಿ ಯುರೋಪಿನಿಂದ ಗೋರಾನ್ ಎಂಬ ಕೋಚನ್ನು ಕರೆಸಿದರು. ಅವರಿಗೆ ಅರಬಿ ಬಾರದು, ಹುಡುಗರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಬಾರದು. ಹಾಗಾಗಿ ಅವರ ಪಕ್ಕದಲ್ಲಿ ನಿಂತು ಮಾತು ದಾಟಿಸುವುದೂ ನನ್ನ ಕೆಲಸವಾಯಿತು.

ಒಮಾನಿನ ಲೀಗ್ ಎಂದರೆ ಟೀವಿಯಲ್ಲಿ ಕಾಣುವ ಭರಾಟೆಯಲ್ಲ. ನಮ್ಮ ಹುಡುಗರು ಹಗಲು ಪೊಲೀಸಿನಲ್ಲೋ ಬಂದರಿನಲ್ಲೋ ಕೆಲಸ ಮಾಡಿ, ಮುಸ್ಸಂಜೆಯ ಮಗ್ರಿಬ್ ನಮಾಜ್ ಮುಗಿಸಿ ಅಭ್ಯಾಸಕ್ಕೆ ಬರುತ್ತಿದ್ದರು. ಮ್ಯಾಚಿಗೆ ಬರುವ ಜನವನ್ನು ಮುಖ ನೋಡಿಯೇ ಗುರುತಿಸಬಹುದಿತ್ತು. ಫ್ಲಾಸ್ಕಿನಲ್ಲಿ ಕಾವಾ ಎಂಬ ಅರಬಿ ಕಾಫಿ ತಂದು, ಪಕ್ಕದವರಿಗೂ ಬಗ್ಗಿಸಿಕೊಟ್ಟು ಆಟ ನೋಡುವ ಜನ. ಅವರು ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು. 'ಹನೀಫ್, ಇವತ್ತು ನಾವು ಗೆಲ್ಲುತ್ತೇವಾ?' ಎಂದು ಕೇಳುತ್ತಿದ್ದರು. ಆ 'ನಾವು' — ಬೆಳೆದ ದೇಶದಲ್ಲಿ ಸದಾ ಹೊರಗಿನವನಾಗಿಯೇ ಇದ್ದ ನನಗೆ ಆ ಒಂದು ಮಾತು ಏನಾಗಿತ್ತೆಂದು ಹೇಗೆ ಬರೆಯಲಿ...

ಸಲೀಮ್ ನಮ್ಮ ಗೋಲ್‌ಕೀಪರ್. ರಸ್ತೆಯಲ್ಲಾದರೆ ಎಮಿರೇಟ್ಸ್ ದಾಟಿ ಹೋಗಬೇಕಾದ ದೂರದ ಖಸಬ್‌ನವನು, ಮೀನುಗಾರರ ಮನೆಯ ಹುಡುಗ. ಮಾತು ಕಡಿಮೆ. ಅವನ ಮನೆಮಾತು ಕುಮ್ಜಾರಿ — ಅಲ್ಲಿಯ ಕೆಲವೇ ಜನರ ನಾಲಿಗೆಯಲ್ಲಿ ಉಳಿದ ಭಾಷೆ. ನಾನೂ ಮನೆಯಲ್ಲಿ ಬ್ಯಾರಿ ಆಡುವವನೆಂದು ತಿಳಿದಾಗ ಅವನಿಗೆ ಬಲು ಖುಷಿಯಾಗಿತ್ತು. ಬಸ್ಸಿನಲ್ಲಿ ಪಕ್ಕಕ್ಕೆ ಕೂತು ಮೀನಿನ ಹೆಸರುಗಳನ್ನು ಕೇಳುತ್ತಿದ್ದ. ನನ್ನದನ್ನು ಅವನು, ಅವನದನ್ನು ನಾನು ತಪ್ಪುತಪ್ಪಾಗಿ ಹೇಳಿ ನಗುತ್ತಿದ್ದೆವು. ಅವನು ನನ್ನನ್ನು ನಂಬಿದ್ದ.

ಆ ಸೀಸನ್ ಚೆನ್ನಾಗಿಯೇ ಶುರುವಾಗಿತ್ತು. ಚಳಿಗಾಲ ಕಳೆಯುತ್ತಿದ್ದಂತೆ ಸೋಲು ಹತ್ತಿಕೊಂಡಿತು. ಮುಂದಿನ ಸಾಲಿನ ಇಬ್ಬರಿಗೆ ಗಾಯ, ಒಬ್ಬ ವಿದೇಶಿ ಆಟಗಾರ ಹೇಳದೆ ಕೇಳದೆ ಹೊರಟುಹೋದ. ಕೊನೆಯ ಮ್ಯಾಚಿಗೆ ಬರುವಷ್ಟರಲ್ಲಿ ಲೆಕ್ಕ ಸರಳವಾಗಿತ್ತು — ಸೋತರೆ ಕೆಳಗಿನ ಲೀಗಿಗೆ, ಸೋಲದಿದ್ದರೆ ಉಳಿಯುತ್ತೇವೆ. ಕೆಳಗೆ ಬಿದ್ದರೆ ಕೋಚ್ ಇರುವುದಿಲ್ಲ. ಕೋಚ್ ಇಲ್ಲದಿದ್ದರೆ ನಾನು ಮತ್ತೆ ಬರೀ ನೀರಿನ ಬಾಟಲಿಯವನು.

ಮ್ಯಾಚ್ ಮಸ್ಕತ್ತಿನಲ್ಲಿತ್ತು. ಆ ದಿನ ಬೆಳಿಗ್ಗೆ ಹೋಟೆಲಿನ ಕಾರಿಡಾರಿನಲ್ಲಿ ಸಲೀಮ್ ನನ್ನ ತೋಳು ಹಿಡಿದ. ತಂದೆಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದಾರೆ, ತನ್ನ ಹೆಸರನ್ನೇ ಕನವರಿಸುತ್ತಿದ್ದಾರಂತೆ ಎಂದ. ಮಧ್ಯಾಹ್ನ ಖಸಬ್‌ಗೆ ವಿಮಾನವಿದೆ. ಆದರೆ ತಂಡವನ್ನು ಇಂಥ ದಿನ ಕೈಬಿಟ್ಟು ಹೋಗುವುದು ಹೇಗೆ — ಕೋಚನ್ನು ಕೇಳು, ಅವರು ಹೇಳಿದಂತೆ ಮಾಡುತ್ತೇನೆ ಎಂದ.

ಇಬ್ಬರೂ ಕೋಚ್ ಕೋಣೆಗೆ ಹೋದೆವು. ನಾನು ಇಂಗ್ಲಿಷಿನಲ್ಲಿ ವಿಷಯ ಹೇಳಿದೆ. ಅಲ್ಲಿಯವರೆಗೆ ಸರಿಯಾಗಿಯೇ ಹೇಳಿದೆ. ಗೋರಾನ್ ಎದ್ದು ನಿಂತರು.

"ಅವನು ಹೋಗಲಿ. ಈಗಲೇ ಹೊರಡಲಿ. ಆಟ ಮುಂದಿನ ವರ್ಷವೂ ಇರುತ್ತದೆ" ಎಂದರು.

ಸಲೀಮ್ ನನ್ನ ಮುಖ ನೋಡುತ್ತಿದ್ದ. ಎರಡನೆಯ ಕೀಪರ್ ನನ್ನ ಕಣ್ಣ ಮುಂದೆ ಬಂದ — ಹಿಂದಿನ ತಿಂಗಳು ಕೈಗೆ ಬಂದ ಚೆಂಡನ್ನು ಗೋಲಿನೊಳಗೆ ಬಿಟ್ಟವನು. ಎದೆನೋವು ಎಂದರೆ ಸಾವಲ್ಲವಲ್ಲ, ನಾಳೆ ಹೋದರೂ ಆಗುತ್ತದೆ ಎಂದುಕೊಂಡೆ. ಅಷ್ಟು ಯೋಚಿಸಲು ನನಗೆ ಹೊತ್ತು ಸಿಕ್ಕಿತ್ತು. ಬಾಯಿ ತಪ್ಪಿ ಬಂದ ಮಾತಲ್ಲ ಅದು.

"ಕೋಚ್ ಹೇಳುತ್ತಾರೆ — ನೀನಿಲ್ಲದೆ ಆಗುವುದಿಲ್ಲ. ಮ್ಯಾಚ್ ಮುಗಿಸಿ ಹೋಗು" ಎಂದೆ.

ಸಲೀಮ್ ತಲೆ ತಗ್ಗಿಸಿ "ಖಲಾಸ್" ಎಂದ. ಆಯಿತು ಎಂದು. ಅವನ ಮುಖ ಕಂಡು ಕೋಚಿಗೆ ಅನುಮಾನ ಬಂದಿರಬೇಕು, ಏನಂತೆ ಎಂದು ಕೇಳಿದರು. ಅವನು ಆಡಿಯೇ ಹೋಗುತ್ತಾನಂತೆ, ತಂದೆಗೂ ಅದೇ ಇಷ್ಟವಂತೆ ಎಂದು ಇಂಗ್ಲಿಷಿನಲ್ಲಿ ಎರಡನೆಯ ಸುಳ್ಳನ್ನು ಹೇಳಿದೆ. ಗೋರಾನ್ ಅವನನ್ನು ಅಪ್ಪಿಕೊಂಡರು. ಅವರ ಕಣ್ಣು ತೇವವಾಗಿತ್ತು. ಆ ಅಪ್ಪುಗೆಯಲ್ಲಿ ಸಲೀಮ್ ಮರದ ಕೊರಡಿನಂತೆ ನಿಂತಿದ್ದ.

ಮ್ಯಾಚಿನ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಇಲ್ಲದಿರುವುದೇ ನನ್ನ ಎದೆಗೆ ಚುಚ್ಚುವುದು. ನಾವು ಬೇಗನೆ ಒಂದು ಗೋಲು ಹೊಡೆದೆವು. ಎದುರಿನ ತಂಡಕ್ಕೆ ಗೆಲುವು ಸೋಲು ಒಂದೇ ಆಗಿತ್ತು, ಅವರು ಕಾಲೆಳೆದುಕೊಂಡು ಆಡಿದರು. ಸಲೀಮನ ಕೈಗೆ ಕಷ್ಟದ ಚೆಂಡು ಒಂದೂ ಬರಲಿಲ್ಲ. ಅಲ್ಲಿ ಆ ಎರಡನೆಯ ಕೀಪರ್ ನಿಂತಿದ್ದರೂ, ಅಥವಾ ನಾನೇ ನಿಂತಿದ್ದರೂ...

ನಾವು ಉಳಿದೆವು. ಜನ ಮೈದಾನಕ್ಕೆ ನುಗ್ಗಿದರು. ಯಾರೋ ನನ್ನನ್ನೂ ಎತ್ತಿ ಕುಣಿಸಿದರು. ಕೆಳಗಿಳಿದು ನೋಡಿದಾಗ ಸಲೀಮ್ ಗೋಡೆಗೆ ಒರಗಿ ಕೂತು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಆಟ ನಡೆಯುತ್ತಿದ್ದಾಗಲೇ ತಂದೆ ತೀರಿಕೊಂಡಿದ್ದರು. ಅವನು ಆಗಲೇ ಕಾರು ಹತ್ತಿ, ಎಮಿರೇಟ್ಸ್ ಹಾದು, ಗಡಿಗಳಲ್ಲಿ ಕಾದು ಊರು ಮುಟ್ಟುವಷ್ಟರಲ್ಲಿ ದಫನ ಮುಗಿದಿತ್ತು. ಬಾಪನ ಮಯ್ಯತ್ತಿಗೆ ಹೆಗಲು ಕೊಡುವುದೆಂದರೆ ಮಗನಿಗೆ ಏನೆಂದು ನನಗೆ ಗೊತ್ತಿತ್ತು. ನನ್ನ ಬಾಪನಿಗೆ ನಾನು ಕೊಟ್ಟಿದ್ದೆ. ಇನ್ನೊಬ್ಬ ಮಗನ ಹೆಗಲಿನಿಂದ ಅದನ್ನು ಕಿತ್ತುಕೊಂಡೆ.

ನಲವತ್ತು ದಿನದ ಶೋಕ ಕಳೆದ ಮೇಲೆ ಸಲೀಮ್ ತನ್ನ ಸಾಮಾನು ಒಯ್ಯಲು ಬಂದ. ಕೋಚ್ ಕೈ ಚಾಚಿದರು. ಅವನು ಆ ಕೈಯನ್ನು ನೋಡಿ ಪಕ್ಕಕ್ಕೆ ಸರಿದುಹೋದ, ಮತ್ತೆ ಲೀಗಿನಲ್ಲಿ ಆಡಲಿಲ್ಲ. ನಾನೇನು ಮಾಡಿದೆ ಅವನಿಗೆ ಎಂದು ಗೋರಾನ್ ನನ್ನನ್ನು ಕೇಳಿದರು. ದುಃಖದಲ್ಲಿದ್ದಾನೆ, ಬಿಡಿ ಎಂದೆ. ದೇಶ ಬಿಟ್ಟು ಹೋದ ಮೇಲೂ ಅವರು ಪ್ರತಿ ಈದ್‌ಗೆ ಮೆಸೇಜ್ ಕಳಿಸಿ, ಅದರ ಕೊನೆಯಲ್ಲಿ ಸಲೀಮನನ್ನು ವಿಚಾರಿಸುತ್ತಿದ್ದರು. ಚೆನ್ನಾಗಿದ್ದಾನೆ ಎಂದು ಉತ್ತರಿಸುತ್ತಿದ್ದೆ. ಅವನು ಹೇಗಿದ್ದಾನೆಂದು ನನಗೆ ಗೊತ್ತೇ ಇರಲಿಲ್ಲ.

ಹೋದ ವರ್ಷ ಶಾಲೆಗೆ ರಜೆಯಿದ್ದಾಗ ಹೆಂಡತಿ ಮಗಳನ್ನು ಕರೆದುಕೊಂಡು ಖಸಬ್‌ಗೆ ಹೋದೆ. ಬೇರೆ ಊರಿಗೆ ಹೋಗಬಹುದಿತ್ತು. ಅಲ್ಲಿಗೇ ಯಾಕೆ ಹೋದೆನೋ — ಬಹುಶಃ ಗೊತ್ತಿತ್ತು. ಬಂದರಿನಲ್ಲಿ ಪ್ರವಾಸಿಗರಿಗೆ ಡಾಲ್ಫಿನ್ ತೋರಿಸುವ ದೋಣಿಗಳ ನಡುವೆ ಸಲೀಮ್ ಇದ್ದ. ಗಡ್ಡ ನರೆತಿತ್ತು. ನನ್ನನ್ನು ಗುರುತಿಸಿ, ಓಡಿ ಬಂದು ತಬ್ಬಿಕೊಂಡ. ನಮ್ಮ ಮೂವರನ್ನೇ ದೋಣಿಗೆ ಹತ್ತಿಸಿಕೊಂಡು ಖರ್ಜೂರ ಮುಂದಿಟ್ಟ. ಮೀನಿನ ಬ್ಯಾರಿ ಹೆಸರುಗಳನ್ನು ಇನ್ನೂ ಮರೆತಿರಲಿಲ್ಲ. ಗುಡ್ಡಗಳ ನಡುವಿನ ನಿಂತ ನೀರಿಗೆ ಬಂದಾಗ ಎಂಜಿನ್ ಆರಿಸಿ, ನನ್ನ ಪಕ್ಕ ಕೂತು ತಾನಾಗಿಯೇ ಹೇಳಿದ:

"ಆ ಮನುಷ್ಯನನ್ನು ಕ್ಷಮಿಸಬೇಕೆಂದು ಪ್ರತಿ ನಮಾಜಿನಲ್ಲೂ ಪ್ರಯತ್ನ ಮಾಡುತ್ತೇನೆ ಹನೀಫ್. ಆಗುವುದಿಲ್ಲ."

ಆಗ ಹೇಳಿದೆ. ಅಂಗಡಿಯಲ್ಲಿ ಕಲಿತ ಅರಬಿಯಲ್ಲಿ, ಸುತ್ತಿಬಳಸದೆ ಹೇಳಿದೆ. ಅವನು ನನ್ನತ್ತ ನೋಡಲಿಲ್ಲ. ನೀರಿನತ್ತ ತಿರುಗಿ ಕೂತ. ನನ್ನ ಹೆಂಡತಿಗೆ ಅರಬಿ ಬಾರದು. "ಎಂತ ಆಯ್ತು? ಯಾಕೆ ಇಬ್ಬರೂ ಹೀಗೆ ಕೂತಿದ್ದೀರಿ?" ಎಂದಳು.

ಕೊನೆಗೆ ಸಲೀಮ್, "ಕೋಚ್ ನಂಬರ್ ಇದೆಯಾ?" ಎಂದ.

ದಡಕ್ಕೆ ಬಂದ ಮೇಲೆ ಕರೆ ಮಾಡಿದೆ. ಗೋರಾನ್ ಫೋನ್ ಎತ್ತಿಕೊಂಡರು. ಸಲೀಮ್ ಒಂದೊಂದೇ ವಾಕ್ಯ ಹೇಳಿ ನಿಲ್ಲಿಸುತ್ತಿದ್ದ, ನಾನು ಇಂಗ್ಲಿಷಿಗೆ ದಾಟಿಸುತ್ತಿದ್ದೆ. ನಾನು ನಿಮ್ಮನ್ನು ಇಷ್ಟು ವರ್ಷ ದ್ವೇಷಿಸಿದೆ. ನೀವು ನನಗೆ ಹೋಗು ಎಂದಿದ್ದು ಇವತ್ತು ಗೊತ್ತಾಯಿತು. ನನ್ನನ್ನು ಕ್ಷಮಿಸಿ. ಆಚೆ ಕಡೆಯಿಂದ ಗೋರಾನ್ ಮೆಲ್ಲಗೆ, ಹಾಗಾದರೆ ಅವನಿಗೆ ಬೇರೆ ಹೇಳಿದ್ದು ಯಾರು ಎಂದು ಕೇಳಿದರು. ಅದನ್ನು ಅರಬಿಗೆ ದಾಟಿಸಬೇಕಾಗಿರಲಿಲ್ಲ.

"ನಾನು" ಎಂದೆ.

ಅರಬಿ ಅರ್ಥವಾಗದಿದ್ದರೂ ಇಂಗ್ಲಿಷಿನ ಪಾಲು ನನ್ನ ಮಗಳಿಗೆ ಪೂರ್ತಿ ಅರ್ಥವಾಗಿತ್ತು. "ಡ್ಯಾಡಿ, ಯು ಲೈಡ್?" ಎಂದು ಕೇಳಿದಳು. ಹೌದು ಎಂದೆ.

ಇಬ್ಬರಲ್ಲಿ ಯಾರೂ ನನ್ನನ್ನು ಬಯ್ಯಲಿಲ್ಲ. ಕ್ಷಮಿಸಿದ್ದೇವೆ ಎಂದೂ ಹೇಳಲಿಲ್ಲ. ಹೇಳಲಿ ಎಂದು ಕಾಯುವ ಹಕ್ಕು ನನಗಿಲ್ಲ. ಈದ್‌ಗೆ ಈಗ ಗೋರಾನರಿಂದ ಮೆಸೇಜ್ ಬರುವುದಿಲ್ಲ. ಅವರೂ ಸಲೀಮನೂ ಆಗಾಗ ಫೋನಿನಲ್ಲಿ ಮಾತಾಡುತ್ತಾರಂತೆ — ಚಳಿಗಾಲದಲ್ಲಿ ಖಸಬ್‌ಗೆ ಬಂದು ಸಲೀಮನ ಮನೆಯಲ್ಲಿ ಉಳಿಯಲಿದ್ದಾರೆಂದು ಕ್ಲಬ್ಬಿನ ಹಳೆಯ ಹುಡುಗನೊಬ್ಬನಿಂದ ತಿಳಿಯಿತು. ಸಲೀಮನ ತಂಗಿ ಅಲ್ಲಿಯ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಅವರಿಬ್ಬರ ನಡುವೆ ಮಾತು ದಾಟಿಸುವವಳು ಈಗ ಅವಳು.